ಎಡಗೈ ಸುತ್ತಿನ ಗುಂಡು

ಮಗಳಿಗೆ ಆರು ವರ್ಷವಾಗಿದ್ದಾಗ ಅಪ್ಪ ಅವಳಿಗೆ ಒಂದು ಮಾತು ಕೊಟ್ಟಿದ್ದ.

ಯಾರದೋ ಮದುವೆಗೆ ಆಕಾಶಗುಂಡು ಹಾರಿಸಲು ಹೋಗಿದ್ದವನು ಮಗಳನ್ನೂ ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದ. ಮೇಲೆ ಕೆಂಪು, ಹಸಿರು, ಬಂಗಾರದ ಹೂಗಳು ಒಂದರ ಮೇಲೊಂದು ಅರಳಿ ಉದುರಿದವು. ಜನ ಹೋ ಎಂದರು. ಮದುವಣಗಿತ್ತಿ ತಾನು ಮದುವಣಗಿತ್ತಿ ಎನ್ನುವುದನ್ನೂ ಮರೆತು ಕುಣಿದಳು. ಮಗು ಮಾತ್ರ ಮುಖ ಊದಿಸಿಕೊಂಡಿತು.

"ಎಲ್ಲರ ಮನೇಲೂ ಹಾರಿಸ್ತೀಯ. ನಮ್ಮನೇಲಿ ಮಾತ್ರ ಯಾಕೆ ಹಾರಿಸಲ್ಲ?"

ಅವನು ಮಗಳನ್ನು ಕೆಳಗಿಳಿಸಿ, ಮುಂದೆ ಕುಕ್ಕರಗಾಲಲ್ಲಿ ಕೂತು, ಮದ್ದಿನ ಬೂದುಬಣ್ಣ ಹತ್ತಿದ್ದ ಎಡಗೈ ಚಾಚಿದ. ಅವನು ಎಡಚ. ಉಣ್ಣುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಎಡಗೈಯಲ್ಲೇ. "ನಿನ್ನ ಮದುವೆ ದಿನ ಹಾರಿಸ್ತೀನಿ ಕಣೇ. ಎಲ್ಲಕ್ಕಿಂತ ದೊಡ್ಡದು. ಬೇರೆ ಯಾರ ಕೈಗೂ ಕೊಡಲ್ಲ. ಎಲ್ಲಿದ್ರೂ ನಾನೇ ಬಂದು ಬತ್ತಿ ಹಚ್ತೀನಿ. ಸರೀನಾ?"

ಮಗು ಆ ಕೈಯ ಮೇಲೆ ಕೈ ಇಟ್ಟಿತು. ಅಲ್ಲೇ ನಿಂತು ಗುಂಡು ಹಾರಿಸಿದ ಖಾಲಿ ಕೊಳವೆಗಳನ್ನು ಒರೆಸುತ್ತಿದ್ದ ಹೆಂಡತಿ ಒರೆಸುವುದನ್ನು ನಿಲ್ಲಿಸಿ ಅವನ ಕಡೆ ತಿರುಗಿದಳು.

ಏಕೆಂದರೆ ಸಿಡಿಮದ್ದು ಮಾಡುವವರು ತಮ್ಮ ಮನೆಯ ಸಂಭ್ರಮಕ್ಕೆ ಸಿಡಿಮದ್ದು ಹಚ್ಚುವುದಿಲ್ಲ. ಮದುವೆಯಾಗಲಿ, ಮಗು ಹುಟ್ಟಲಿ, ಹೊಸ ಮನೆ ಕಟ್ಟಲಿ, ಒಂದು ಕಿಡಿಯೂ ಇಲ್ಲ. ಅವಳು ಸೊಸೆಯಾಗಿ ಬಂದ ವಾರದಲ್ಲೇ ಮಾವ ಅವಳನ್ನು ಅಂಟಿನ ಪಾತ್ರೆಯ ಮುಂದೆ ಕೂರಿಸಿಕೊಂಡು ಇದನ್ನು ಹೇಳಿದ್ದ. ನಮ್ಮ ಕೈಯಲ್ಲಿ ಹುಟ್ಟಿದ ಬೆಂಕಿಗೆ ನಮ್ಮ ಗುರುತಿರುತ್ತದೆ ತಾಯಿ. ಬೇರೆಯವರ ಅಂಗಳದಲ್ಲಿ ಹಚ್ಚಿದರೆ ಮೇಲೆ ಹೋಗಿ, ಅರಳಿ, ಅಲ್ಲೇ ಸಾಯುತ್ತದೆ. ನಮ್ಮ ಅಂಗಳದಲ್ಲಿ ಹಚ್ಚಿದರೆ ನಮ್ಮನ್ನೇ ಹುಡುಕಿಕೊಂಡು ಬರುತ್ತದೆ. ಮಾವ ನಗುನಗುತ್ತಲೇ ಹೇಳಿದ್ದ. ಆದರೆ ಅವನ ಏಳು ಮಕ್ಕಳ ಮದುವೆಯಾಗಿತ್ತು, ಏಳಕ್ಕೂ ಅಂಗಳ ಕತ್ತಲಾಗಿಯೇ ಇತ್ತು.

"ಮಗೂಗೆ ಅಂಥ ಮಾತು ಕೊಡಬಹುದೇನ್ರೀ?" ಎಂದು ಅವಳು ಮನೆಗೆ ಬಂದ ಮೇಲೆ ಕೇಳಿದಳು.

"ಆರು ವರ್ಷದ್ದು. ನಾಳೆ ಬೆಳಗ್ಗೆ ಮರೆತಿರುತ್ತೆ ಬಿಡು," ಎಂದ ಅವನು.

ಮಗು ಮರೆಯಲಿಲ್ಲ. ಅವನೂ ಮರೆಯಲಿಲ್ಲ. ಮಗಳ ಒಂಬತ್ತನೆಯ ಹುಟ್ಟುಹಬ್ಬದ ಸಂಜೆ ಹೆಂಡತಿ ಸಕ್ಕರೆ ತರಲು ಅಂಗಡಿಗೆ ಹೋಗಿದ್ದಾಗ ಅಂಗಳದಲ್ಲಿ ಒಂದು ಸಣ್ಣ ಹೂಕುಂಡ ಹಚ್ಚಿದ. ಅವಳು ಬರುವಷ್ಟರಲ್ಲಿ ಎಲ್ಲ ಮುಗಿದು, ಅಪ್ಪ ಮಗಳು ಇಬ್ಬರೂ ಏನೂ ಗೊತ್ತಿಲ್ಲದವರ ಹಾಗೆ ಕೂತಿದ್ದರು. ಕಲ್ಲಿನ ಮೇಲೆ ಉಳಿದ ಮಸಿಯ ಉಂಗುರ ಮಾತ್ರ ಸುಳ್ಳು ಹೇಳಲು ಕಲಿತಿರಲಿಲ್ಲ. ಅದಾದ ವಾರಕ್ಕೆ, ಒಂದೆಲೆಯೂ ಅಲುಗದ ನಡುಹಗಲಲ್ಲಿ, ಅವನೊಬ್ಬನೇ ಇದ್ದ ಮದ್ದಿನ ಕೋಣೆ ಹಾರಿಹೋಯಿತು. ಒಲೆಯಿಲ್ಲ, ದೀಪವಿಲ್ಲ, ಬೀಡಿ ಸೇದುವವನೂ ಅಲ್ಲ. ಕಿಡಿ ಎಲ್ಲಿಂದ ಬಂತೆಂದು ಬಂದ ಅಧಿಕಾರಿಗಳು ನೆಲ ಕೆದಕಿ ಕೆದಕಿ ಸೋತರು. ಇದು ಅವನದು ಎಂದು ಹೇಳಿ ಮಣ್ಣು ಮಾಡುವುದಕ್ಕೆ ಒಂದು ಹಿಡಿಯಷ್ಟೂ ಸಿಗಲಿಲ್ಲ.

ಅವಳು ಅಂಗಳದ ಮಸಿಯನ್ನು ತೆಂಗಿನ ನಾರು ಹಿಡಿದು ಉಜ್ಜಿ ತೊಳೆದಳು. ಯಾರಿಗೂ ಏನೂ ಹೇಳಲಿಲ್ಲ. ನನ್ನ ಹುಟ್ಟುಹಬ್ಬವೇ ಅಪ್ಪನನ್ನು ತಿಂತು ಎಂದುಕೊಂಡು ಮಗಳು ಬದುಕಬಾರದಲ್ಲ.

ಅನ್ನ ಕಿತ್ತುಕೊಂಡ ಬೆಂಕಿಯೇ ಅನ್ನ ಹಾಕಬೇಕಿತ್ತು, ಬೇರೆ ಕಸುಬು ಅವಳಿಗೆ ಗೊತ್ತಿರಲಿಲ್ಲ. ಗಂಡನ ತಮ್ಮನನ್ನು ಹಾರಿಸುವ ಕೆಲಸಕ್ಕೆ ಹಾಕಿ, ಗುಂಡು ಕಟ್ಟುವ ಕೆಲಸವನ್ನು ತಾನೇ ಹಿಡಿದಳು. ಕಡ್ಡಿಯಂಥ ಹೆಂಗಸಿಗೆ ಕೆಲಸದವರೆಲ್ಲ ಸೇರಿ 'ಗುಂಡಕ್ಕ' ಎಂದು ಹೆಸರಿಟ್ಟರು. ಮಗಳು ಓದಿದಳು, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ಲಿಫ್ಟ್ ರಿಪೇರಿ ಮಾಡುವ ಹುಡುಗನನ್ನು ಒಪ್ಪಿದಳು. ಹುಡುಗ ಒಳ್ಳೆಯವನು. ಅವನ ತಾಯಿಯ ಬಾಯಿ ಸ್ವಲ್ಪ ಜೋರು, ಅಷ್ಟೆ.

"ಅಲ್ಲ ಬೀಗಿತ್ತಿ, ಇದೆಂಥ ಮಾತು?" ಎಂದಳು ಆ ತಾಯಿ, ಮದುವೆಯ ಮಾತುಕತೆಗೆ ಬಂದು ಕೂತವಳು. "ಪಟಾಕಿಯವರ ಮನೆ ಹುಡುಗೀನ ತರ್ತಿದೀವಿ ಅಂತ ನಮ್ಮ ಕಡೆಯವರೆಲ್ಲ ಈಗಲೇ ಕತ್ತು ಮೇಲೆ ಮಾಡ್ಕೊಂಡು ಓಡಾಡ್ತಿದಾರೆ. ಮದುವೆ ದಿನ ಅವರಿಗೆ ಮೇಲೆ ಏನು ತೋರಿಸ್ಲಿ? ಫ್ಯಾನಾ?"

"ಮೇಲೇನಿದೆ ತೋರ್ಸೋಕೆ. ಕೆಳಗೆ ಎಲೆ ನೋಡ್ಲಿ. ಊಟ ಚೆನ್ನಾಗಿ ಹಾಕಿಸ್ತೀನಿ."

"ಒಂದೇ ಒಂದು? ಪುಟ್ಟದು?"

"ಪುಟ್ಟದೂ ಇಲ್ಲ."

"ದರ್ಜಿ ಬಟ್ಟೆ ಹರಿದೇ ಇರತ್ತೆ ಅಂತಾರಲ್ಲ, ಹಾಗಾಯ್ತು," ಎಂದು ಬೀಗಿತ್ತಿ ಮೂಗು ಮುರಿದು ಎದ್ದಳು.

ಅವರು ಹೋದ ಮೇಲೆ ಲೋಟ ತೊಳೆಯುತ್ತಿದ್ದ ಮಗಳು ತಿರುಗಿ ನೋಡದೆ ಹೇಳಿದಳು: "ಅಪ್ಪ ಮಾತು ಕೊಟ್ಟಿದ್ದ."

"ಹೋದವರ ಮಾತು ಹೋದವರ ಜೊತೆ ಹೋಯ್ತು."

"ಎಲ್ಲಿದ್ರೂ ಬರ್ತೀನಿ ಅಂದಿದ್ದ."

"ಅಳೋ ಮಗೂನ ಸುಮ್ಮನಾಗಿಸೋಕೆ ಅಂದಿದ್ದು ಕಣೇ ಅದು."

"ನೀನು ಹಾಗಂದ್ಕೊಂಡಿದೀಯ," ಎಂದಳು ಮಗಳು. ದಿನವಿಡೀ ನೆಲದ ಮೇಲೆ ಕೂತು ಗುಂಡಕ್ಕನ ಸೊಂಟ ಹಿಡಿದುಕೊಂಡಿತ್ತು, ಹೋಗಿ ಮಲಗಿದಳು. ಮದುವೆಗೆ ಊರ ನಡುವಿನ, ಅಂಗಳವೇ ಇಲ್ಲದ, ಮೂರನೆಯ ಮಹಡಿಯ ಒಂದು ಸಭಾಂಗಣವನ್ನು ಅವಳು ಆಗಲೇ ಗೊತ್ತು ಮಾಡಿದ್ದಳು. ಬೆಂಕಿಗೆ ಅಂಗಳ ಬೇಕು. ಅಂಗಳವೇ ಇಲ್ಲದಿದ್ದರೆ ಏನು ಮಾಡೀತು?

ಕಾರ್ಖಾನೆ ಎಂದರೆ ಊರಾಚೆಯ ಬಯಲಲ್ಲಿ ಒಂದಕ್ಕೊಂದು ದೂರ ದೂರ ಕಟ್ಟಿದ ಪುಟ್ಟ ಕೋಣೆಗಳು. ಬಾಗಿಲ ಬಳಿ ನೆಲಕ್ಕೆ ಹೂತ ತಾಮ್ರದ ಸರಳು. ಮೈಯಲ್ಲಿರುವ ವಿದ್ಯುತ್ತು ಇಳಿಯಲೆಂದು ಅದನ್ನು ಮುಟ್ಟಿ, ಬರಿಗಾಲಲ್ಲೇ ಒಳಗೆ ಹೋಗಬೇಕು. ಯಾವ ಕೋಣೆಯಲ್ಲೂ ದೀಪವಿಲ್ಲ, ದೀಪ ಹಾಕುವಂತೆಯೂ ಇಲ್ಲ. ಬೆಳಕಿರುವವರೆಗೆ ಕೆಲಸ, ಆಮೇಲೆ ಬೀಗ.

ಆಕಾಶಗುಂಡು ಕಟ್ಟುವುದು ಸಹನೆಯ ಕೆಲಸ. ಗಟ್ಟಿ ಕಾಗದದ ಎರಡು ಬಟ್ಟಲುಗಳಲ್ಲಿ ಬಣ್ಣದ ಮದ್ದಿನ ಕಾಳುಗಳನ್ನು ಜೋಡಿಸಿ, ನಡುವೆ ಸಿಡಿಯುವ ಮದ್ದು ತುಂಬಿ, ಎರಡನ್ನೂ ಮುಖಾಮುಖಿ ಮುಚ್ಚುತ್ತಾರೆ. ಆಮೇಲೆ ಅಂಟು ಸವರಿದ ಕಾಗದದ ಪಟ್ಟಿಗಳ ಸುತ್ತು. ದಿನಕ್ಕೆ ಒಂದು ಸುತ್ತು, ಆಮೇಲೆ ಬಿಸಿಲಿಗೆ, ಮರುದಿನ ಮತ್ತೊಂದು. ಅವಸರ ಮಾಡಿದರೆ ಒಳಗಿನ ಸುತ್ತು ಒಣಗದೆ ಗುಂಡು ಮೇಲೆ ಹೋಗಿ ಹೂವಾಗುವ ಬದಲು ಉಗುಳಿದಂತೆ ಚೆಲ್ಲುತ್ತದೆ. ಪಟ್ಟಿಯ ಅಂಚುಗಳು ಯಾವ ಕಡೆ ಓರೆಯಾಗಿವೆ ಎಂಬುದರಲ್ಲೇ ಕಟ್ಟಿದವರ ಕೈ ಗೊತ್ತಾಗುತ್ತದೆ. ಗುಂಡಕ್ಕನ ಬಳಿ ಕೆಲಸ ಮಾಡುವವರೆಲ್ಲ ಬಲಗೈಯವರು. ಅವರ ಗುಂಡುಗಳೆಲ್ಲ ಒಂದೇ ಕಡೆ ತಿರುಗಿ ಮಲಗಿದ ಮಕ್ಕಳ ಹಾಗೆ ಕಾಣುತ್ತಿದ್ದವು.

ಆ ಬೆಳಗ್ಗೆ ಒಣಹಾಕುವ ಹಲಗೆಯ ಮೇಲೆ ಒಂದು ಮಾತ್ರ ಎದುರು ತಿರುಗಿ ಮಲಗಿತ್ತು.

ಒಂದೇ ಸುತ್ತಿನ ಗುಂಡು. ಉಳಿದವುಗಳಿಗಿಂತ ದೊಡ್ಡದು, ಅಷ್ಟು ದೊಡ್ಡದನ್ನು ಅವಳು ಕಟ್ಟಿಸುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅಷ್ಟಗಲದ ಬಟ್ಟಲುಗಳೇ ಕಾರ್ಖಾನೆಯಲ್ಲಿರಲಿಲ್ಲ.

"ಯಾರೇ ಇದು ಎಡಗೈಲಿ ಸುತ್ತಿದ್ದು?"

ಅಂಟು ಕಲಸುವವಳು ತಲೆಯೆತ್ತಿದಳು. ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವ ಹೆಂಗಸು ಅವಳು. "ನಮಗೆ ಬಲಗೈಗೇ ನೀವು ಕೊಡೋ ಕೂಲಿ ಸಾಲ್ತಿಲ್ಲ ಗುಂಡಕ್ಕ, ಎಡಗೈಗೆ ಬೇರೆ ಕೆಲಸ ಕೊಡ್ತೀವಾ?" ಎಂದು ನಕ್ಕವಳು ಗುಂಡನ್ನು ನೋಡಿ ನಗು ನಿಲ್ಲಿಸಿದಳು. ಅವಳು ಹಳಬಳು. ಆ ಸುತ್ತು ಯಾರದೆಂದು ಅವಳಿಗೂ ಗೊತ್ತಿತ್ತು.

ಕಟ್ಟಿದವರು ಗೊತ್ತಿಲ್ಲದ ಗುಂಡನ್ನು ಇಟ್ಟುಕೊಳ್ಳುವಂತಿಲ್ಲ. ಒಳಗೆ ಏನಿದೆಯೋ ಬಲ್ಲವರಾರು? ಗುಂಡಕ್ಕ ಅದನ್ನು ಹೊರಗಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಮೇಲೊಂದು ಕಲ್ಲಿಟ್ಟಳು. ಸಂಜೆಯ ಹೊತ್ತಿಗೆ ಕಾಗದ ಬಿಚ್ಚಿ ಮುದ್ದೆಯಾಗಬೇಕು, ಮದ್ದು ಕರಗಿ ನೀರು ಕಪ್ಪಾಗಬೇಕು. ಸಂಜೆ ನೋಡಿದರೆ ಕಲ್ಲು ಇತ್ತು. ನೀರು ಕುಡಿಯುವಷ್ಟು ತಿಳಿಯಾಗಿತ್ತು. ಗುಂಡು ಇರಲಿಲ್ಲ.

ಮರುದಿನ ಅದು ಹಲಗೆಯ ಮೇಲೆ ಅದೇ ಜಾಗದಲ್ಲಿತ್ತು. ಒಣಗಿತ್ತು. ಎರಡನೆಯ ಸುತ್ತು ಬಿದ್ದಿತ್ತು.

ಅವಳು ಬೀಗ ಬದಲಾಯಿಸಿದಳು. ಕೀಲಿಕೈಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದಳು. ಮೂರನೆಯ ಸುತ್ತೂ ಬಿತ್ತು. ಮಡಿಕೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಬೇರೆ ಯಾರಾದರೂ ಕಟ್ಟಿದ್ದರೆ ಕರೆದು ಬೆನ್ನು ತಟ್ಟುತ್ತಿದ್ದಳು. ದೀಪವೇ ಇಲ್ಲದ ಕೋಣೆಯಲ್ಲಿ ಇರುಳಿನಲ್ಲಿ ಕೂತು ಇಷ್ಟು ಚೆನ್ನಾಗಿ ಕಟ್ಟುವವನಿಗೆ ಬೆಳಕಿನ ಹಂಗಿಲ್ಲ ಎಂದಾಯಿತು. ಅಷ್ಟು ದೊಡ್ಡ ಗುಂಡಿಗೆ ಎಷ್ಟು ಸುತ್ತು ಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ದಿನಕ್ಕೆ ಒಂದರಂತೆ ಹೋದರೆ ಕೊನೆಯ ಸುತ್ತು ಮಗಳ ಮದುವೆಯ ಹಿಂದಿನ ದಿನಕ್ಕೆ ಸರಿಯಾಗಿ ಬೀಳುತ್ತಿತ್ತು.

ಆಗ ಅವಳು ಮೈದುನನನ್ನು ಕರೆಸಿದಳು.

ಮೈದುನ ಕೊಳವೆಗಳ ಪಕ್ಕ ನಿಂತು ನಿಂತು ಎರಡು ಕಿವಿಯನ್ನೂ ಕಳೆದುಕೊಂಡವನು. ಹುಡುಗರು ಎದುರಿಗೇ 'ಕಿವುಡಪ್ಪ' ಎಂದರೂ ಗೊತ್ತಾಗದೆ ನಗುತ್ತಿದ್ದ. ಅವನೊಡನೆ ಗುಟ್ಟು ಮಾತಾಡಬೇಕೆಂದರೆ ಊರಿಗೆಲ್ಲ ಕೇಳುವಂತೆ ಕೂಗಬೇಕು. ಅದಕ್ಕೇ ಗುಂಡಕ್ಕ ಕೂಗಲಿಲ್ಲ, ಗುಂಡನ್ನು ಕೈಗೆ ಕೊಟ್ಟಳು. ಅವನು ಅದನ್ನು ತಿರುಗಿಸಿ ನೋಡಿದ. ಹೆಬ್ಬೆರಳಿನಿಂದ ಅಂಚುಗಳನ್ನು ಸವರಿದ.

"ಅಣ್ಣಂದು," ಎಂದ.

"ಕೊಯ್ದು ನೋಡೋಣ," ಎಂದು ಅವಳು ಕೈಸನ್ನೆ ಮಾಡಿದಳು.

ಕಿಡಿ ಏಳಬಾರದೆಂದು ಮರದ ಕತ್ತಿಯಲ್ಲೇ, ನೀರು ಚಿಮುಕಿಸುತ್ತ ನಿಧಾನವಾಗಿ ಕೊಯ್ದರು. ಎರಡು ಹೋಳಾಯಿತು. ಒಳಗೆ ಕಾಳಿಲ್ಲ, ಮದ್ದಿಲ್ಲ, ಒಂದು ಚಿಟಿಕೆ ಹೊಟ್ಟೂ ಇಲ್ಲ. ತೊಳೆದಿಟ್ಟ ಬಟ್ಟಲಿನ ಹಾಗೆ ಖಾಲಿ.

ಮೈದುನ ಉಸಿರು ಬಿಟ್ಟ. "ಅಯ್ಯೋ ಅತ್ತಿಗೆ, ಖಾಲಿ ಗುಂಡಿಗೆ ಇಷ್ಟು ಹೆದರೋದಾ! ಯಾರೋ ಹುಡುಗಾಟ ಮಾಡಿದಾರೆ."

ಗುಂಡಕ್ಕನಿಗೆ ಸಮಾಧಾನವಾಗಲಿಲ್ಲ. ತುಂಬಿದ ಗುಂಡು ಅವಳ ಪಾಲಿಗೆ ಅಕ್ಕಿಮೂಟೆ ಇದ್ದ ಹಾಗೆ. ಅದರ ಬುದ್ಧಿ ಅವಳಿಗೆ ಗೊತ್ತು. ಒಳಗೆ ಏನೂ ಇಲ್ಲದ್ದನ್ನು ಇಷ್ಟು ಅಕ್ಕರೆಯಿಂದ ಕಟ್ಟುತ್ತಿರುವವನು ಏನನ್ನು ತುಂಬಬೇಕೆಂದಿದ್ದಾನೆ?

ಮರುದಿನ ಅದು ಹೊಲಿಗೆಯ ಗುರುತೂ ಇಲ್ಲದೆ ಕೂಡಿಕೊಂಡು ಹಲಗೆಯ ಮೇಲೆ ಕೂತಿತ್ತು. ಎತ್ತಿದಳು. ನಿನ್ನೆಗಿಂತ ಭಾರವಿತ್ತು.

ಅಂದಿನಿಂದ ದಿನವೂ ಎತ್ತಿ ನೋಡುವುದೇ ಅವಳ ಮೊದಲ ಕೆಲಸವಾಯಿತು. ಒಂದು ಸುತ್ತು ಕಾಗದಕ್ಕೆ ಎಷ್ಟು ತೂಕ ಬರುತ್ತದೆಂದು ಅವಳ ಕೈಗೆ ಚೆನ್ನಾಗಿ ಗೊತ್ತು. ಇದು ಕಾಗದದ ಭಾರವಲ್ಲ. ಒಂದು ಮಧ್ಯಾಹ್ನ ಪಟ್ಟುಹಿಡಿದು ಹಲಗೆಯ ಮುಂದೆಯೇ ಕೂತಳು. ರೆಪ್ಪೆ ಬಡಿಯಲೂ ಜಿಪುಣತನ ಮಾಡಿದಳು. ಬಿಸಿಲು ಬಾಗಿಲಿನಿಂದ ಹಲಗೆಯ ಕಾಲಿನವರೆಗೆ ಬಂತು. ಏನೂ ಆಗಲಿಲ್ಲ. ಹೊರಗಿನಿಂದ ಅಂಟಿನವಳು, "ಗುಂಡಕ್ಕ, ಊಟ ಮಾಡೋದು ಮದುವೆಗೇನಾ?" ಎಂದು ಕೂಗಿದಳು. "ಬಂದೆ ಮಾರಾಯ್ತಿ," ಎಂದು ಕತ್ತು ಹೊರಳಿಸಿ, ಮತ್ತೆ ತಿರುಗಿದಳು.

ಗುಂಡಿನ ಮೈ ಹಸಿಯಾಗಿತ್ತು. ಹೊಸ ಪಟ್ಟಿಯ ತುದಿಯಿಂದ ಅಂಟು ಇನ್ನೂ ಜಿನುಗುತ್ತಿತ್ತು. ಒತ್ತಿದ ಹೆಬ್ಬೆರಳಿನ ಗುರುತು ಅವಳು ನೋಡುತ್ತಿದ್ದಂತೆಯೇ ನಿಧಾನವಾಗಿ ಕೂಡಿಕೊಂಡು ಮಾಯವಾಯಿತು.

ಅವಳು ಊಟಕ್ಕೆ ಏಳಲಿಲ್ಲ. ಖಾಲಿ ಕೋಣೆಗೆ ಹೇಳಿದಳು: "ಹಟ ಬಿಡಿ. ಒಂದು ಸಲ ಆಗಿದ್ದು ಸಾಲದಾ?"

ಮದುವೆಯ ಹಿಂದಿನ ದಿನ ಕೊನೆಯ ಸುತ್ತೂ ಮುಗಿದಿತ್ತು. ಬತ್ತಿಯನ್ನೂ ಕಟ್ಟಲಾಗಿತ್ತು. ಗುಂಡಕ್ಕ ಒಂದು ಉಪಾಯ ಹೂಡಿದಳು. ಇದನ್ನು ನೀರು ಕೊಲ್ಲುವುದಿಲ್ಲ, ಕತ್ತಿ ಕೊಲ್ಲುವುದಿಲ್ಲ. ಹಾರಿಸಿಯೇ ಮುಗಿಸಿದರೆ? ಇವತ್ತೇ, ಮನೆಯಿಂದ ದೂರ, ಯಾರ ಸಂಭ್ರಮವೂ ಇಲ್ಲದ ಕಡೆ, ಬೇರೆ ಕೈ ಬತ್ತಿ ಹಚ್ಚಿದರೆ ನಾಳೆಗೆ ಅವನ ಬಳಿ ಏನು ಉಳಿದೀತು?

ಹಗಲು ಹೊತ್ತಿನಲ್ಲೇ ಅವಳೂ ಮೈದುನನೂ ಗುಂಡನ್ನು ಹಾಳುಬಿದ್ದ ಕಲ್ಲುಗಣಿಗೆ ಒಯ್ದರು. ಇಬ್ಬರೂ ಸೇರಿ ಎತ್ತಬೇಕಾಯಿತು. ಒಬ್ಬ ಆಳನ್ನು ಹೊತ್ತ ಹಾಗಿತ್ತು. ಎಲ್ಲಕ್ಕಿಂತ ದೊಡ್ಡ ಕೊಳವೆಯನ್ನು ಮಣ್ಣಿನಲ್ಲಿ ಹೂತು, ತಳಕ್ಕೆ ಗುಂಡನ್ನು ಮೇಲಕ್ಕೆ ಚಿಮ್ಮಿಸುವ ಎಸೆಮದ್ದು ಹಾಕಿ, ಗುಂಡನ್ನು ಮೆಲ್ಲಗೆ ಇಳಿಸಿದರು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಮೈದುನ ಬತ್ತಿ ಹಚ್ಚಿ ಓಡಿಬಂದು ಬಂಡೆಯ ಹಿಂದೆ ಕುಳಿತ. ಬತ್ತಿ ಸರ್ರನೆ ಉರಿದು ಕೊಳವೆಯೊಳಗೆ ಇಳಿಯಿತು. ಇಬ್ಬರೂ ಬಾಯಿ ತೆರೆದು ಕಿವಿ ಮುಚ್ಚಿಕೊಂಡರು.

ಏನೂ ಆಗಲಿಲ್ಲ.

ಸಿಡಿಯದ ಗುಂಡಿನ ಹತ್ತಿರ ಕೂಡಲೇ ಹೋಗಬಾರದು. ಕಾದರು. ಗಣಿಯ ತಳದಲ್ಲಿ ನಿಂತ ನೀರಿನ ಮೇಲೆ ಮೋಡಗಳು ಹೋಗುತ್ತಿದ್ದವು. ಇದ್ದಕ್ಕಿದ್ದಂತೆ ಮೈದುನ ಅವಳ ತೋಳು ಹಿಡಿದುಕೊಂಡ.

"ಅತ್ತಿಗೆ, ಅಣ್ಣ ಕೆಮ್ಮಿದ."

"ನಾನು ಕೂಗಿದ್ರೇ ನಿನಗೆ ಕೇಳಿಸಲ್ಲ, ಕೆಮ್ಮು ಕೇಳಿಸ್ತಾ?"

ಅವನು ಅವಳ ತುಟಿಗಳನ್ನು ನೋಡಿ ಅರ್ಥ ಮಾಡಿಕೊಂಡ. "ಅದನ್ನೇ ಹೇಳ್ತಿರೋದು," ಎಂದ. "ನಂಗೆ ಏನೂ ಕೇಳಿಸಲ್ಲ ಅತ್ತಿಗೆ. ಇದು ಕೇಳಿಸ್ತು."

ಹೋಗಿ ಕೊಳವೆಯೊಳಗೆ ಬಗ್ಗಿ ನೋಡಿದರು. ತಳದಲ್ಲಿ ಎಸೆಮದ್ದು ಹಾಕಿದ ಹಾಗೆಯೇ ಇತ್ತು. ಗುಂಡು ಇರಲಿಲ್ಲ. ಕಾರ್ಖಾನೆಗೆ ಓಡಿದರು. ಹಲಗೆಯ ಮೇಲೂ ಇರಲಿಲ್ಲ. ಇಷ್ಟು ದಿನ ಬೇಡ ಬೇಡವೆಂದರೂ ಅಲ್ಲೇ ಬಂದು ಕೂರುತ್ತಿದ್ದದ್ದು ಈಗ ಎಲ್ಲೂ ಇಲ್ಲ.

"ಮಗಳಿಗೆ ಹೇಳ್ಬಿಡಿ," ಎಂದ ಮೈದುನ. "ಗೊತ್ತಿದ್ರೆ ಹುಷಾರಾಗಾದ್ರೂ ಇರ್ತಾಳೆ."

ಮದುವೆಯ ಬೆಳಗ್ಗೆ ಮಗಳ ತಲೆ ಬಾಚುತ್ತ ಅವಳು ಹೇಳಿದಳು. ಹೂಕುಂಡ, ಮಸಿಯ ಉಂಗುರ, ಮಾವ ಹೇಳಿದ ಮಾತು, ಆಮೇಲಿನ ವಾರ. ಬಾಚಣಿಗೆ ಅಲ್ಲಲ್ಲಿ ನಿಂತಿತು. ಮಗಳು ಕನ್ನಡಿಯಲ್ಲಿ ಅಮ್ಮನನ್ನೇ ನೋಡುತ್ತಿದ್ದಳು.

"ಗೊತ್ತಮ್ಮ," ಎಂದಳು. "ನೀನು ಅಂಗಳ ಉಜ್ಜಿ ಉಜ್ಜಿ ತೊಳೆದಿದ್ದನ್ನ ಕಿಟಕಿಯಿಂದ ನೋಡಿದ್ದೆ. ಯಾಕೆ ಅಂತ ಚಿಕ್ಕಪ್ಪನ ಮನೇಲಿ ಚಿಕ್ಕಮ್ಮನ ಹತ್ರ ಕೇಳ್ದೆ. ತಾತನ ಮಾತು ಅವರಿಗೂ ಗೊತ್ತಿತ್ತು. ಹೇಳಿದ್ರು."

ಗುಂಡಕ್ಕ ಬಾಚಣಿಗೆ ಕೆಳಗಿಟ್ಟಳು. ಇಷ್ಟು ವರ್ಷ ಒಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದ ಕಲ್ಲಿನ ಇನ್ನೊಂದು ತುದಿಯನ್ನು ಮಗು ಹಿಡಿದುಕೊಂಡು ಬಂದಿತ್ತು. "ಎಲ್ಲಾ ಗೊತ್ತಿದ್ದೂ ನಿಂಗೆ ಅದು ಬೇಕಾ?"

"ಅದು ಬೇಡ. ಅಪ್ಪ ಬೇಕು."

"ಅಪ್ಪ ಬಂದ್ರೆ ಅದೂ ಬರತ್ತೆ ಕಣೇ. ಆ ಬೆಂಕಿ ನಿನ್ನ ಗುರುತು ಹಿಡಿಯತ್ತೆ. ಕತ್ತಲಾದ್ಮೇಲೆ ಸೂರು ಬಿಟ್ಟು ಹೊರಗೆ ಹೋಗಲ್ಲ ಅನ್ನು. ನನ್ನಾಣೆ."

ಮಗಳು ಆಣೆ ಇಡಲಿಲ್ಲ. "ಜಡೆ ಬಿಗಿಯಾಯ್ತು," ಎಂದಳಷ್ಟೆ.

ಮದುವೆ ಚೆನ್ನಾಗಿಯೇ ನಡೆಯಿತು. ಹುಡುಗ ಉಂಗುರ ತೊಡಿಸುವಾಗ ಉಂಗುರ ಕೈಜಾರಿ ಕೆಳಗೆ ಬಿದ್ದು, ಅದು ಕುರ್ಚಿಗಳ ಕೆಳಗೆ ಉರುಳಿಹೋಗಿ, ಅರ್ಧ ಬಂಧುಬಳಗ ಮಂಡಿಯೂರಿ ಹುಡುಕಿತು. "ಲಿಫ್ಟ್ ಮೇಲೆತ್ತೋ ಕೈಗೆ ಒಂದು ಉಂಗುರ ನಿಲ್ಲಲ್ಲ ನೋಡಿ," ಎಂದು ಬೀಗಿತ್ತಿ ಮಗನನ್ನೇ ಆಡಿಕೊಂಡಳು. ಗುಂಡಕ್ಕನೂ ನಕ್ಕಳು. ನಗುತ್ತಲೇ ಕಿಟಕಿಯ ಕಡೆ ನೋಡಿದಳು. ಕಿಟಕಿಗಳಿಗೆಲ್ಲ ಅವಳೇ ಬೆಳಗ್ಗೆ ದಪ್ಪ ಪರದೆ ಎಳೆಸಿದ್ದಳು. ಮೆಟ್ಟಿಲಿನ ಬಾಗಿಲ ಪಕ್ಕ ಮೈದುನನನ್ನು ಕೂರಿಸಿದ್ದಳು.

ಕತ್ತಲಾಗುವ ಹೊತ್ತಿಗೆ ಊಟ ಶುರುವಾಯಿತು. ಮಗಳೂ ಅಳಿಯನೂ ಎದುರಿನ ಸಾಲಿನ ನಡುವೆ ಕೂತಿದ್ದರು. ಗುಂಡಕ್ಕ ಬಡಿಸುವವರಿಗೆ ಅಲ್ಲಿ ಇನ್ನೊಂದಿಷ್ಟು, ಇಲ್ಲಿ ಇನ್ನೊಂದಿಷ್ಟು ಎನ್ನುತ್ತ ಓಡಾಡುತ್ತಿದ್ದಳು. ಕಾಲು ಸೋತು, ಕಂಬಕ್ಕೆ ಒರಗಿ ಒಂದು ಗಳಿಗೆ ನಿಂತಾಗ ಅವಳ ಕಣ್ಣು ಮೈದುನನ ಮೇಲೆ ಬಿತ್ತು.

ಅವನು ತುತ್ತನ್ನು ಬಾಯಿಯ ಹತ್ತಿರವೇ ಹಿಡಿದು ತಲೆ ಮೇಲೆತ್ತಿದ್ದ. ಕರೆದವರ ದನಿ ಕೇಳಿ ತಿರುಗುತ್ತಾರಲ್ಲ, ಹಾಗೆ. ಅಷ್ಟು ಜನರಲ್ಲಿ ಬೇರೊಬ್ಬರೂ ತಲೆಯೆತ್ತಿರಲಿಲ್ಲ. ಅವನು ಗುಂಡಕ್ಕನನ್ನು ಹುಡುಕಿ, ನೋಡಿ, ಬಾಯಲ್ಲೇ ಆಡಿ ತೋರಿಸಿದ: 'ಧುಪ್.'

ಕೊಳವೆಯಿಂದ ಗುಂಡು ಹೊರಡುವ ಸದ್ದು.

ಅವಳು ಮಗಳ ಕಡೆ ತಿರುಗಿದಳು. ಅಳಿಯ ಪಕ್ಕದವನೊಡನೆ ಮಾತಾಡುತ್ತಿದ್ದ. ಮಗಳ ಕುರ್ಚಿ ಖಾಲಿಯಿತ್ತು. ಅಡುಗೆಯವರು ಓಡಾಡುವ ಹಿಂದಿನ ಬಾಗಿಲು ಅರ್ಧ ತೆರೆದಿತ್ತು. ಅಂಗಳವಿಲ್ಲದ ಕಟ್ಟಡಕ್ಕೂ ತಾರಸಿ ಎಂಬುದೊಂದು ಇರುತ್ತದೆ ಎನ್ನುವುದು ಅವಳಿಗೆ ಇಷ್ಟು ದಿನ ಹೊಳೆದೇ ಇರಲಿಲ್ಲ.

ಮೆಟ್ಟಿಲು ಹತ್ತಿದ್ದು ಅವಳಿಗೆ ನೆನಪಿಲ್ಲ. ತಾರಸಿಯ ಬಾಗಿಲು ತಳ್ಳಿದಾಗ ಮಗಳು ನೀರಿನ ಟ್ಯಾಂಕಿನ ಪಕ್ಕ, ಮದುವೆಯ ಬಟ್ಟೆಯಲ್ಲಿ, ಆರು ವರ್ಷದವಳ ಹಾಗೆ ಕತ್ತು ಪೂರ್ತಿ ಹಿಂದೆ ಬಾಗಿಸಿ ನಿಂತಿದ್ದಳು. ಮೇಲೆ ಒಂದು ಸಣ್ಣ ಬೆಳಕು ಏರುತ್ತಿತ್ತು. ಸಾಮಾನ್ಯ ಗುಂಡು ಏರುವ ಎತ್ತರವನ್ನು ಅದು ದಾಟಿತು. ಇನ್ನೂ ಏರಿತು. ನಿಂತಿತು.

ಅರಳಿತು.

ಸದ್ದೇ ಇಲ್ಲ. ಗುಂಡಕ್ಕನ ಬದುಕೇ ಆ ಸದ್ದಿನಲ್ಲಿ ಕಳೆದಿತ್ತು. ಸದ್ದಿಲ್ಲದೆ ಅರಳಿದ್ದನ್ನು ಅವಳು ಕಂಡಿರಲಿಲ್ಲ. ಊರಗಲದ ಹೂವು. ಕೆಂಪಲ್ಲ, ಹಸಿರಲ್ಲ, ಬಂಗಾರವೂ ಅಲ್ಲ. ಯಾವ ಮದ್ದಿನಿಂದ ಈ ಬಣ್ಣ ಬರುತ್ತದೆ ಎಂದು ಕೈ ತಾನಾಗಿಯೇ ಲೆಕ್ಕ ಹಾಕಹೊರಟು ಅಲ್ಲೇ ನಿಂತಿತು. ಅದು ಮದ್ದಿನ ಬಣ್ಣವಾಗಿರಲಿಲ್ಲ. ಗುಂಡು ದಿನದಿನಕ್ಕೆ ಯಾಕೆ ಭಾರವಾಗುತ್ತಿತ್ತು, ಒಳಗೆ ಯಾರು ತುಂಬಿಕೊಳ್ಳುತ್ತಿದ್ದರು ಎಂಬುದು ಅವಳಿಗೆ ಆಗ ತಿಳಿಯಿತು. ಕೆಳಗಿನ ಬೀದಿಯಲ್ಲಿ ಬಸ್ಸೊಂದು ಹಾರ್ನ್ ಮಾಡುತ್ತ ಹೋಯಿತು. ಯಾರೂ ಮೇಲೆ ನೋಡುತ್ತಿರಲಿಲ್ಲ.

ಕಿಡಿಗಳು ಬೀಳತೊಡಗಿದವು. ಒಳ್ಳೆಯ ಗುಂಡಿನ ಕಿಡಿ ಅರ್ಧ ದಾರಿಯಲ್ಲೇ ಆರುತ್ತದೆ, ಆರಲೇಬೇಕು. ಇವು ಆರಲಿಲ್ಲ. ಆತುರವಿಲ್ಲದೆ, ಉರಿಯುತ್ತಲೇ, ಕೆಳಕೆಳಗೆ ಬಂದವು. ಪಕ್ಕದ ಕಟ್ಟಡದ ತಾರಸಿಯ ಮೇಲೆ ಒಂದು ಕ್ಷಣ ನಿಂತು ಮುಂದೆ ಸರಿದವು. ಆಚೆಯದರ ಮೇಲೆ ನಿಂತು ಮತ್ತೆ ಸರಿದವು. ಮನೆಯ ನಂಬರು ಕೇಳಿಕೊಂಡು ಬರುವವರ ಹಾಗೆ.

"ಅಪ್ಪಾ," ಎಂದು ಮಗಳು ಮೆಲ್ಲಗೆ ಕರೆದು ಕೈ ಮೇಲೆತ್ತಿದಳು.

ಎಲ್ಲ ಕಿಡಿಗಳೂ ಒಮ್ಮೆಲೇ ಈ ಕಡೆ ತಿರುಗಿದವು.

ಗುಂಡಕ್ಕ ಓಡಿಹೋಗಿ ಮಗಳನ್ನು ಕೆಳಗೆ ಅಮುಕಿ ಕೂರಿಸಿ, ಕೋಳಿ ಮರಿಯ ಮೇಲೆ ಕೂರುವ ಹಾಗೆ ಅವಳ ಮೇಲೆ ಬಾಗಿ ಮುಚ್ಚಿಕೊಂಡಳು. ಕಣ್ಣು ಮುಚ್ಚಿದರೂ ಬೆಳಕು ರೆಪ್ಪೆಯೊಳಗೆ ಬಂತು. ಬೆನ್ನಿಗೆ ಕಾವು ತಾಕಿತು, ಒಲೆಗೆ ಬೆನ್ನು ಕೊಟ್ಟು ಕೂತ ಹಾಗೆ, ಆಮೇಲೆ ಇನ್ನೂ ಹತ್ತಿರ. ಆ ಕಾವಿನಲ್ಲಿ ಅಂಟಿನ ವಾಸನೆಯಿತ್ತು. ಹೆದರಿಕೆಯ ತಳ ಮುಟ್ಟಿದ ಮೇಲೆ ಅವಳಿಗೆ ಸಿಕ್ಕಿದ್ದು ಸಿಟ್ಟು. ಹೆಂಡತಿಯ ಹಳೆಯ, ದಿನದಿನದ ಸಿಟ್ಟು.

"ರೀ," ಎಂದಳು. ಆ ಕರೆಯನ್ನು ಅವಳ ಬಾಯಿ ಇಷ್ಟು ವರ್ಷ ಆಡಿರಲಿಲ್ಲ. "ಆಯ್ತಲ್ಲ. ಬಂದ್ರಲ್ಲ. ಅವಳು ನೋಡಿದ್ಲು, ನಾನೂ ನೋಡಿದೆ. ಚೆನ್ನಾಗಿತ್ತು. ಇನ್ನು ಹೋಗಿ. ಇವಳನ್ನ ಮುಟ್ಟಬೇಡಿ. ಇವಳಿಗೆ ಇನ್ನೂ ಊಟ ಆಗಿಲ್ಲ."

ಕಾವು ಅಲ್ಲೇ ನಿಂತಿತು. ಬೆನ್ನ ಮೇಲೆ, ಭುಜದ ಕೆಳಗೆ, ಒಂದು ಭಾರ ಇಳಿಯಿತು. ದಣಿದು ಬಂದವನು ಬಾಗಿಲ ಚೌಕಟ್ಟಿಗೆ ಕೈ ಊರುವಷ್ಟು ಭಾರ. ಎಷ್ಟು ಹೊತ್ತಿತ್ತೋ ಅವಳಿಗೆ ಗೊತ್ತಾಗಲಿಲ್ಲ. ಆಮೇಲೆ ಇರಲಿಲ್ಲ.

ಕಣ್ಣು ತೆರೆದಾಗ ಕತ್ತಲಿತ್ತು. ಟ್ಯಾಂಕಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮಗಳು ಅವಳ ಕೆಳಗಿನಿಂದ ತಲೆ ಹೊರಗೆ ಹಾಕಿದಳು. ಮುಖವೆಲ್ಲ ಒದ್ದೆ. ಗುಂಡಕ್ಕ ಅವಳ ಹಣೆ, ಕೂದಲು, ಕೈ, ಬೆರಳುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿದಳು. ಎಲ್ಲೂ ಒಂದು ಬೊಬ್ಬೆಯೂ ಇರಲಿಲ್ಲ.

"ನೋಡಿದ್ಯಾಮ್ಮ?"

"ನೋಡಿದೆ. ನಡಿ ಕೆಳಗೆ. ನಿನ್ನ ಗಂಡ ಒಬ್ಬನೇ ಕೂತಿರ್ತಾನೆ."

ಊಟ ಇನ್ನೂ ನಡೆದಿತ್ತು. ಯಾರಿಗೂ ಏನೂ ಗೊತ್ತಿರಲಿಲ್ಲ. ಮಗಳು ಹೋಗಿ ಗಂಡನ ಪಕ್ಕ ಕೂತಳು. ಅವನು ಅವಳಿಗೆಂದು ತೆಗೆದಿಟ್ಟಿದ್ದ ಬಟ್ಟಲನ್ನು ಮುಂದಕ್ಕೆ ಸರಿಸಿದ. ಗುಂಡಕ್ಕ ನೀರು ಕುಡಿಯಲು ತಿರುಗಿದಾಗ ಬೀಗಿತ್ತಿ ಹಿಂದಿನಿಂದ ಕೂಗಿದಳು.

"ಅಯ್ಯೋ ಬೀಗಿತ್ತಿ, ಯಾವ ಪುಣ್ಯಾತ್ಮ ನಿಮ್ಮ ಬಟ್ಟೆಗೆ ಇಸ್ತ್ರಿ ಹಾಕಿದ್ದು? ಬೆನ್ನೆಲ್ಲ ಸುಟ್ಟಿಟ್ಟಿದಾನೆ ನೋಡಿ! ಒಂದು, ಎರಡು... ಐದು ಕಡೆ!"

ಮೈದುನ ಎದ್ದುಬಂದು ನೋಡಿದ. ತನ್ನ ಬಲಗೈಯನ್ನು ಆ ಗುರುತಿನ ಹತ್ತಿರ ಹಿಡಿದ. ಹೊಂದಲಿಲ್ಲ. ಎಡಗೈ ಹಿಡಿದ. ಐದು ಬೆರಳೂ ಸರಿಯಾಗಿ ಕೂತವು. ಆಮೇಲೆ ತನ್ನ ಶಾಲನ್ನು ತೆಗೆದು ಅತ್ತಿಗೆಯ ಬೆನ್ನಿಗೆ ಹೊದಿಸಿದ.

ಮಗಳ ಮದುವೆಯ ದಿನ ಎಲ್ಲಿದ್ದರೂ ತಾನೇ ಬಂದು ಬತ್ತಿ ಹಚ್ಚುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ಬಂದ. ಹಚ್ಚಿದ.